ಎರಡೂವರೆ ಇಂಚು

ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತನ್ನು ಅಕ್ಷರಕ್ಕಕ್ಷರ ಹಿಡಿಯುವವರು ಲೋಕದಲ್ಲಿ ಕಡಿಮೆ. ಆ ಮನೆಯವರು ಹಿಡಿದರು.

ಸೋಮವಾರ ಬೆಳಗ್ಗೆ, ಬೀದಿಯವರೆಲ್ಲ ಕಸದ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೊತ್ತಿಗೆ ಸರಿಯಾಗಿ, ಬೆಣ್ಣೆ ತನ್ನ ತಾಯಿಯ ಎರಡು ಕಂಕುಳಿಗೂ ಕೈ ಕೊಟ್ಟು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ. ಅಜ್ಜಿಯ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಎದುರು ಮನೆಯಾಕೆ ಅದನ್ನು ಎತ್ತಿಕೊಂಡು ಬಂದು, "ಪಾಪ" ಎಂದಳು. ಆ ಎರಡಕ್ಷರ ಅಜ್ಜಿಯ ನೆತ್ತಿಗೇರಿತು.

"ನಾನೇನು ಮೂಟೇನಾ, ಎತ್ತಿ ಹಾಕೋಕೆ?"

"ಮತ್ತೇನ್ ಮಾಡ್ಲಮ್ಮಾ? ಸೀಟು ಎತ್ತರ. ನಿಂಗೆ ಹತ್ತಕ್ಕಾಗಲ್ಲ."

"ಎತ್ತರ ಇದ್ರೆ ಕಾರನ್ನ ಇಳಿಸು. ನನ್ನ ಎತ್ತಬೇಡ!"

ಗುರುವಾರ ಬಂದಾಗ ಅಜ್ಜಿ ಹೊರಡಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಎರಡು ತಿಂಗಳ ಹಿಂದೆ ಆಕೆಯ ಸೊಂಟದ ಕೀಲು ಬದಲಾಯಿಸಿದ್ದರು. ವಾರಕ್ಕೆರಡು ಸಲ ಕ್ಲಿನಿಕ್ಕಿನಲ್ಲಿ ವ್ಯಾಯಾಮ ಮಾಡಿಸದಿದ್ದರೆ ಕಾಲು ಸೆಟೆದುಕೊಂಡು ಹಾಗೇ ನಿಂತುಬಿಡುತ್ತದೆ ಎಂದು ಫಿಸಿಯೋ ಮೇಡಂ ಖಡಾಖಂಡಿತವಾಗಿ ಹೇಳಿದ್ದಳು. ಕಾರಿಗೆ ಹತ್ತುವ ರೀತಿಯನ್ನೂ ಆಕೆಯೇ ತೋರಿಸಿಕೊಟ್ಟಿದ್ದಳು: ಸೀಟಿಗೆ ಬೆನ್ನು ಹಾಕಿ ಮೊದಲು ಕೂರಬೇಕು, ಆಮೇಲೆ ಎರಡು ಕಾಲನ್ನೂ ಒಟ್ಟಿಗೆ ಒಳಗೆ ತಿರುಗಿಸಿಕೊಳ್ಳಬೇಕು, ಒಂದು ಕಾಲೆತ್ತಿ ಹತ್ತುವ ಹಾಗೇ ಇಲ್ಲ. ಸೀಟು ಇಷ್ಟು ಎತ್ತರದಲ್ಲಿದ್ದರೆ ಬೆನ್ನು ಹಾಕಿ ಕೂರುವುದಾದರೂ ಹೇಗೆ? ಒಮ್ಮೆ ಸ್ಟೂಲ್ ಇಟ್ಟು ನೋಡಿದ್ದರು. ಸ್ಟೂಲ್ ಒಂದು ಕಡೆ ಹೋಯಿತು, ಅಜ್ಜಿ ಇನ್ನೊಂದು ಕಡೆ. ಪುಣ್ಯಕ್ಕೆ ಏನೂ ಮುರಿಯಲಿಲ್ಲ.

ಬೆಣ್ಣೆ ಎನ್ನುವುದು ಅವನ ನಿಜವಾದ ಹೆಸರಲ್ಲ. ಕಾರ್ಖಾನೆಯ ಸಿಬ್ಬಂದಿ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿ ಹೋದ ವರ್ಷವಷ್ಟೇ ನಿವೃತ್ತನಾದವನು. ಬೆಳಗಿನ ಪಾಳಿಯವರು ಅವನ ಬಸ್ಸಿನಲ್ಲಿ ತುಂಬಿದ ಚಹಾ ಲೋಟ ಹಿಡಿದೇ ಕೂರುತ್ತಿದ್ದರಂತೆ, ಒಂದು ಹನಿ ಚೆಲ್ಲುತ್ತಿರಲಿಲ್ಲವಂತೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಹಾಕುತ್ತಾನೆ ಎಂದು ಯಾರೋ ಹೊಗಳಿದ್ದೇ ಹೆಸರಾಗಿ ಅಂಟಿಕೊಂಡಿತು. ಅವನೂ ಕೊಡವಿಕೊಳ್ಳಲಿಲ್ಲ. ಎತ್ತರದಲ್ಲಿ ಕೂತು ಓಡಿಸಿ ಅಭ್ಯಾಸವಾದವನು, ಸ್ವಂತಕ್ಕೆ ಕಾರು ಕೊಳ್ಳುವಾಗಲೂ ವ್ಯಾನಿನಂಥದ್ದೇ ಎತ್ತರದ್ದನ್ನು ಹುಡುಕಿ ತಂದಿದ್ದ. ಅಗಲವಾದ ಹಿಂಬಾಗಿಲು ಪಕ್ಕಕ್ಕೆ ಜಾರುತ್ತಿತ್ತು. ಬೀದಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ ಎಂಬ ಜಂಬ ಬೇರೆ.

ಅಜ್ಜಿ ಹೊರಡದಿದ್ದ ಆ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಮಾತೆತ್ತಿದವಳು ಬೆಣ್ಣೆಯ ಮಗಳು. ಅವಳು ಆರು ವರ್ಷದಿಂದ ಕಾರಿನ ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಗಿರಾಕಿ ಬಾಯಲ್ಲಿ ಸದ್ದು ಮಾಡಿ ತೋರಿಸಿದರೆ ಸಾಕು, ಯಾವ ಭಾಗ ಸವೆದಿದೆ ಎಂದು ಹೇಳಿಬಿಡುವವಳು.

"ಅಜ್ಜಿ ಹೇಳಿದ್ರಲ್ಲಿ ತಪ್ಪೇನಿದೆ ಅಪ್ಪಾ? ಕಾರನ್ನ ಇಳಿಸಬಹುದು."

ಬೆಣ್ಣೆ ನಕ್ಕ. "ಮೂವತ್ತೊಂದು ವರ್ಷ ಜನರನ್ನ ಇಳಿಸಿದ್ದೀನಿ. ಕಾರನ್ನ ಇಳಿಸೋದು ಎಲ್ಲಿ, ಸ್ಟಾಪಲ್ಲಾ?"

"ಸ್ಪ್ರಿಂಗ್ ಬದಲಾಯಿಸಿ. ನಮ್ಮ ಅಂಗಡಿಗೆ ದಿನಾ ಇಬ್ಬರು ಮೂವರು ಬರ್ತಾರೆ, ಕಾರು ನೆಲಕ್ಕೆ ಅಂಟ್ಕೊಂಡ ಹಾಗೆ ಕಾಣ್ಬೇಕು ಅಂತ."

"ಆ ಪೋಲಿಗಳ ಥರ ನಾನೂ ಓಡಿಸ್ಬೇಕಾ?"

"ಅವರು ನೋಡೋರಿಗೋಸ್ಕರ ಇಳಿಸ್ತಾರೆ. ನಾವು ಕೂರೋರಿಗೋಸ್ಕರ ಇಳಿಸೋಣ."

ಅಜ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ, ಆದರೆ ತುತ್ತು ಕೈಯಲ್ಲೇ ನಿಂತಿತು. ಎಷ್ಟು ಇಳಿಸಬೇಕು ಎಂಬ ಲೆಕ್ಕಕ್ಕೆ ಬೆಣ್ಣೆಯ ಹೆಂಡತಿ ಕೈ ತೊಳೆದುಕೊಂಡು ಎದ್ದಳು. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು, ಟೇಪು ಸದಾ ಕೊರಳಲ್ಲೇ. ಕುರ್ಚಿಯ ಮೇಲೆ ಒಂದೊಂದಾಗಿ ದಿಂಬು ಪೇರಿಸಿ, ಅತ್ತೆಯನ್ನು ಕೂರಿಸಿ, ಏಳಿಸಿ, ಮತ್ತೆ ಕೂರಿಸಿ, ಯಾರ ಕೈಯನ್ನೂ ಹಿಡಿಯದೆ ಆಕೆ ಕೂತೆದ್ದ ಎತ್ತರವನ್ನು ಅಳೆದಳು. ಇಪ್ಪತ್ತೆರಡು ಇಂಚು. ಆಮೇಲೆ ಬ್ಯಾಟರಿ ಹಿಡಿದು ಹೋಗಿ ಕಾರಿನ ಸೀಟು ಅಳೆದು ಬಂದಳು. ಇಪ್ಪತ್ತನಾಲ್ಕೂವರೆ.

"ಎರಡೂವರೆ ಇಂಚು," ಎಂದಳು. "ಪ್ಯಾಂಟಾಗಿದ್ರೆ ಹತ್ತು ನಿಮಿಷದ ಕೆಲಸ."

"ಕಾರು ಪ್ಯಾಂಟಲ್ಲಮ್ಮಾ," ಎಂದಳು ಮಗಳು. "ಪೂರ್ತಿ ಎರಡೂವರೆ ಇಳಿಸಿದ್ರೆ ಸ್ಪ್ರಿಂಗ್‌ಗೆ ಕುಗ್ಗೋಕೆ ಜಾಗಾನೇ ಇರಲ್ಲ. ಹಂಪ್ ಬಂದಾಗ ಸೀದಾ ಕೆಳಗಿರೋ ರಬ್ಬರ್‌ಗೆ ಹೋಗಿ ಬಡಿಯುತ್ತೆ. ಆ ಪೆಟ್ಟು ಯಾರಿಗೆ? ಅಜ್ಜಿ ಸೊಂಟಕ್ಕೆ. ಒಂದೂವರೆ ಇಂಚು ಸ್ಪ್ರಿಂಗ್‌ನಲ್ಲಿ ಇಳಿಸೋಣ, ಅದಕ್ಕೆ ಹೊಂದೋ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕೋಣ. ಗಟ್ಟಿ ಮೆತ್ತಗೆ ಮಾಡ್ಕೊಳ್ಳೋಕೆ ತಿರುಪು ಇರೋವು ಸಿಗ್ತವೆ. ಮಿಕ್ಕ ಒಂದಿಂಚು ನೀನು ಸೀಟಿನ ಒಳಗೆ ತೆಗೀಬೇಕು."

"ಸ್ಪಂಜು ತೆಗೆದ್ರೆ ಗಟ್ಟಿಯಾಗಲ್ವಾ?"

"ಕೆಳಗಿಂದ ತೆಗೆದು, ಒಳ್ಳೇ ಸ್ಪಂಜು ತೆಳ್ಳಗೆ ಹಾಕು. ನಿಂಗೆ ನಾನು ಹೇಳಿಕೊಡ್ಬೇಕಾ?"

"ಎಷ್ಟು ದಿನ ಆಗುತ್ತೆ ಇದೆಲ್ಲ?" ಎಂದು ಬೆಣ್ಣೆ ಕೇಳಿದ.

"ನಮ್ಮ ಕಾರಿನದು ಹಳೇ ಮಾಡೆಲ್. ತರಿಸಬೇಕು. ಮೂರು ವಾರ."

"ಮೂರು ವಾರ!" ಬೆಣ್ಣೆ ತಾಯಿಯ ಕಾಲನ್ನು ನೋಡಿದ. ಆಕೆ ಮೊದಲಿನಂತೆ ಮಡಿಸಿ ಕೂರುತ್ತಿರಲಿಲ್ಲ, ಕೋಲಿನ ಹಾಗೆ ಮುಂದೆ ಚಾಚಿಕೊಂಡಿದ್ದಳು.

ಮಾರನೇ ದಿನ ಮಗಳು ಅಂಗಡಿಯಿಂದ ಆರ್ಡರ್ ಕಳಿಸಿದಳು. ಬುಧವಾರ ಬೆಣ್ಣೆ ಯಾರಿಗೂ ಹೇಳದೆ ಕಾರು ತೆಗೆದುಕೊಂಡು ಪಾನಾನ ಶೆಡ್ಡಿಗೆ ಹೋದ.

ಪಾನಾ ಅವನ ಹಳೆಯ ಸಹೋದ್ಯೋಗಿ, ಬಸ್ಸುಗಳ ಮೆಕ್ಯಾನಿಕ್. ಸದಾ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದೇ ಮಾತಾಡುತ್ತಿದ್ದರಿಂದ ಆ ಹೆಸರು. "ಎರಡೂವರೆ ಇಂಚಿಗೆ ಮೂರು ವಾರ ಕಾಯ್ತೀಯಾ?" ಎಂದು ಅವನು ಬಿದ್ದು ಬಿದ್ದು ನಕ್ಕ. "ಸ್ಪ್ರಿಂಗ್ ಬಿಚ್ಚಿ ಒಂದೊಂದು ಸುತ್ತು ಕತ್ತರಿಸಿ ಹಾಕಿದ್ರೆ ಸಾಯಂಕಾಲ ಮನೆಗೆ ಹೋಗ್ತೀಯ."

"ಗಟ್ಟಿಯಾಗುತ್ತೆ ಅಂತಾಳೆ ಮಗಳು."

"ಅವಳು ಭಾಗ ಮಾರೋಳು. ಮಾರೋಳು ಮತ್ತೇನಂತಾಳೆ? ಓಡಿಸೋನು ನೀನು. ಬೆಣ್ಣೆ ಕೈಯಲ್ಲಿ ಯಾವ ಗಾಡಿ ತಾನೇ ಕುಕ್ಕುತ್ತೆ?"

ಹೊಗಳಿಕೆಗೆ ಕರಗುವುದರಲ್ಲಿ ಬೆಣ್ಣೆಯದು ಎತ್ತಿದ ಕೈ. ಕಬ್ಬಿಣ ಕೊಯ್ಯುವ ಯಂತ್ರದ ಕಿಡಿ ಹಾರುತ್ತಿದ್ದಾಗ ಒಂದು ಗಳಿಗೆ ಎದೆ ಅಳುಕಿತು, ನಿಜ. ಆದರೆ ಮುಗಿದ ಮೇಲೆ ಶೆಡ್ಡಿನ ಸುತ್ತ ಎರಡು ಸುತ್ತು ಓಡಿಸಿ ನೋಡಿದ. ಸ್ವಲ್ಪ ಬಿಗಿ ಅನ್ನಿಸಿತು, ಅಷ್ಟೆ. ಪಾನಾ ಪಕ್ಕದ ಸೀಟಿನಲ್ಲಿ ಕೂತು, "ಫಸ್ಟ್ ಕ್ಲಾಸ್" ಎಂದ.

ಗುರುವಾರ ಬೆಳಗ್ಗೆ ಅಜ್ಜಿ ಬಾಗಿಲಿಗೆ ಬಂದು ಕಾರನ್ನು ನೋಡಿದಳು. ಕೋಲನ್ನು ಸೊಸೆಯ ಕೈಗೆ ಕೊಟ್ಟಳು. ಬೆನ್ನು ತಿರುಗಿಸಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ಸೀಟನ್ನು ಕೈಯಿಂದ ತಡವಿ, ಮೆಲ್ಲಗೆ ಕೂತಳು. ಎರಡು ಕಾಲನ್ನೂ ಒಟ್ಟಿಗೆ ಒಳಗೆ ತಿರುಗಿಸಿಕೊಂಡಳು. ಯಾರೂ ಮುಟ್ಟಲಿಲ್ಲ. ಎದುರು ಮನೆಯಾಕೆ ನೋಡುತ್ತಿದ್ದಾಳೆಯೇ ಎಂದು ಕಣ್ಣಂಚಿನಲ್ಲೇ ಖಾತ್ರಿ ಮಾಡಿಕೊಂಡು, "ಬಾಗಿಲು ಹಾಕು," ಎಂದಳು. ಮಹಾರಾಣಿಯ ದನಿ. ಬೆಣ್ಣೆಗೆ ಕಣ್ಣು ತುಂಬಿ ಬಂತು.

ಅಂದು ಸಂಜೆ ಕೆಲಸದಿಂದ ಬಂದ ಮಗಳು ಮನೆಯೊಳಗೆ ಕಾಲಿಡಲಿಲ್ಲ. ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಬೆರಳು ತೂರಿಸಿ ನೋಡಿದಳು. ಆಮೇಲೆ ಸೀದಾ ಅಡುಗೆಮನೆಗೆ ಬಂದಳು. ಅಪ್ಪ ಬಟಾಣಿ ಸುಲಿಯುತ್ತಿದ್ದ.

"ಯಾರು ಕತ್ತರಿಸಿದ್ದು?"

"ಏನನ್ನ?"

"ಅಪ್ಪಾ!"

"ಪಾನಾ. ಅದಕ್ಕೇನೀಗ? ನಿಮ್ಮಜ್ಜಿ ಇವತ್ತು ತಾನಾಗೇ ಹತ್ತಿ ಕೂತಳು. ಕೇಳು ಬೇಕಾದ್ರೆ."

"ಹತ್ತೋದು ಎರಡು ನಿಮಿಷ. ಕೂತ್ಕೊಂಡು ಹೋಗೋದು ಅರ್ಧ ಗಂಟೆ. ಕತ್ತರಿಸಿದ ಸ್ಪ್ರಿಂಗ್ ಮೇಲೆ ಉದ್ದದ ಶಾಕ್ ಹಾಗೇ ಬಿಟ್ಟಿದ್ದೀರಲ್ಲ, ಅದು ಅಜ್ಜಿ ಬೆನ್ನನ್ನ ಪುಡಿ ಮಾಡುತ್ತೆ!"

"ನನ್ನ ಡ್ರೈವಿಂಗ್ ಬಗ್ಗೆ ನನಗೆ ಪಾಠ ಹೇಳ್ಬೇಡ. ಕೌಂಟರ್ ಹಿಂದೆ ನಿಂತು ಕಾಗದ ಓದಿದವಳು ನೀನು."

"ಕಾಗದ ಓದಿದ್ದಕ್ಕೇ ಗೊತ್ತು!"

"ಇಬ್ಬರೂ ಬಾಯಿ ಮುಚ್ಚಿ," ಎಂದಳು ಹೆಂಡತಿ. "ಕೂರೋರನ್ನ ಕೇಳಿ. ಅತ್ತೆ, ಹೇಗಿತ್ತು ದಾರಿ?"

ಹಜಾರದಿಂದ ಅಜ್ಜಿಯ ದನಿ ಬಂತು: "ಹಾಯಾಗಿತ್ತು."

ಬೆಣ್ಣೆ ಬಟಾಣಿ ಸುಲಿಯುವುದನ್ನು ಮುಂದುವರಿಸಿದ, ಸ್ವಲ್ಪ ಹೆಚ್ಚೇ ಸದ್ದು ಮಾಡಿಕೊಂಡು. ಅಂದಿನಿಂದ ಅಪ್ಪ ಮಗಳ ನಡುವೆ ಮಾತು ನಿಂತಿತು. ಉಪ್ಪು ಬೇಕಾದರೂ ಅಮ್ಮನ ಮೂಲಕವೇ ಸಾಗಬೇಕು. "ನಿನ್ನ ಗಂಡನಿಗೆ ಹೇಳು", "ನಿನ್ನ ಮಗಳಿಗೆ ಹೇಳು" ಎಂದು ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಹೇಳಿಕಳಿಸುತ್ತಿದ್ದರು. ಜಗಳಕ್ಕೆ ನಿಂತರೆ ಆ ಮನೆಯಲ್ಲಿ ಎಲ್ಲರೂ ಬಾಯಿಬಡುಕರು, ಬೇಕಾದ ಮಾತು ಆಡುವ ಹೊತ್ತಿಗೆ ಎಲ್ಲರೂ ಮೂಗರು.

ನಾಲ್ಕು ವಾರ ಕಳೆಯಿತು. ಸೋಮವಾರ, ಗುರುವಾರ ಅಜ್ಜಿ ತಪ್ಪದೆ ಹೊರಟಳು. ಪ್ರತಿ ಸಲವೂ ತಾನೇ ಕೂತಳು, ಬಂದ ಮೇಲೆ ಪ್ರತಿ ಸಲವೂ "ಹಾಯಾಗಿತ್ತು" ಎಂದಳು. ಹೋಗುವ ದಿನ ಬೆಳಗ್ಗೆ ಮಾತ್ರ ಏನೂ ತಿನ್ನುತ್ತಿರಲಿಲ್ಲ. ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ವ್ಯಾಯಾಮದ ಆಯಾಸ ಎಂದುಕೊಂಡರು.

ಸಂಗತಿ ಹೊರಬಿದ್ದದ್ದು ಒಂದು ಪಟ್ಟಿಯಿಂದ. ಕಾರಿನ ಬಾಗಿಲ ಮೇಲೆ ಹಿಡಿದುಕೊಳ್ಳಲು ಬಟ್ಟೆಯ ಪಟ್ಟಿಯೊಂದಿತ್ತು. ಅದರ ಹೊಲಿಗೆ ಬಿಚ್ಚಿದೆ ಎಂದು ಬೆಣ್ಣೆ ಹೆಂಡತಿಗೆ ತಂದುಕೊಟ್ಟಿದ್ದ, ಹೊಲಿದು ಕೊಟ್ಟಿದ್ದಳು. ವಾರ ಕಳೆಯುವಷ್ಟರಲ್ಲಿ ಮತ್ತೆ ಬಿಚ್ಚಿತು. ದಪ್ಪ ದಾರದಲ್ಲಿ ಹೊಲಿದಳು. ಮೂರನೇ ಸಲ ತಂದಾಗ ಅವಳು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ರೀ, ನನ್ನ ಹೊಲಿಗೆ ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಬಿಚ್ಚಿದೆಯಾ?"

"ಇಲ್ಲ."

"ಇದಕ್ಕೆ ಯಾರೋ ಜೀವ ಹಿಡ್ಕೊಂಡು ಜೋತು ಬಿದ್ದಿದ್ದಾರೆ. ನೋಡಿ, ದಾರ ಕಿತ್ತಿಲ್ಲ. ಬಟ್ಟೇನೇ ಹರಿದಿದೆ." ಅವಳು ಗಂಡನ ಮುಖ ನೋಡಿದಳು. "ನೀವು ಯಾವತ್ತಾದ್ರೂ ಆ ಕಾರಿನ ಹಿಂದಿನ ಸೀಟಲ್ಲಿ ಕೂತಿದ್ದೀರಾ?"

"ನಾನು ಹಿಂದೆ ಕೂತ್ರೆ ಓಡಿಸೋರ್ಯಾರು?"

ಹಾಗೆಂದರೂ ಅವನು ಪಟ್ಟಿಯನ್ನು ಕೈಗೆ ತೆಗೆದುಕೊಂಡ. ಯೋಚಿಸಿ ನೋಡಿದ. ಈ ಕಾರಿನ ಮಾತು ಹಾಗಿರಲಿ, ಮೂವತ್ತೊಂದು ವರ್ಷದಲ್ಲಿ ತನ್ನ ಬಸ್ಸಿನ ಹಿಂದಿನ ಸೀಟಿನಲ್ಲೂ ಅವನು ಒಮ್ಮೆಯೂ ಕೂತು ಪ್ರಯಾಣ ಮಾಡಿರಲಿಲ್ಲ. ಚಹಾ ಲೋಟ ಹಿಡಿದವರೆಲ್ಲ ಮುಂದಿನ ಸಾಲಿನವರೇ. ಹಿಂದಿನ ಸಾಲಿನವರು ಏನೆನ್ನುತ್ತಿದ್ದರೋ, ಅವನು ಕೇಳಿದವನಲ್ಲ.

ಗುರುವಾರ ಮಗಳಿಗೆ ರಜೆ ಹಾಕಿಸಿ ಓಡಿಸಲು ಕೂರಿಸಿದ್ದು ಹೆಂಡತಿ. ಬೆಣ್ಣೆ ಅಜ್ಜಿಯ ಪಕ್ಕ, ಹಿಂದೆ ಕೂತ.

"ನೀನ್ಯಾಕೋ ಇಲ್ಲಿ?" ಎಂದಳು ಅಜ್ಜಿ. ಅವಳ ಮುಖದಲ್ಲಿ ಗಾಬರಿ ಇತ್ತು.

"ಸುಮ್ಮನೆ. ಇವಳ ಡ್ರೈವಿಂಗ್ ನೋಡೋಣ ಅಂತ."

ಮಗಳು ನಿಧಾನಸ್ಥೆ, ಅಪ್ಪನಿಗಿಂತ ಮೆತ್ತಗೇ ಓಡಿಸಿದಳು. ಬೇಕರಿಯ ಮುಂದಿನ ಹಂಪ್ ಇನ್ನೂ ಹತ್ತು ಮಾರು ದೂರವಿರುವಾಗಲೇ ಅಜ್ಜಿಯ ಕೈ ಪಟ್ಟಿಗೆ ಹೋಯಿತು. ಕಣ್ಣು ಮುಚ್ಚಿದಳು. ಇಡೀ ಮೈಯನ್ನು ಸೀಟಿನಿಂದ ಒಂದು ಬೆರಳಿನಷ್ಟು ಮೇಲೆತ್ತಿ ಹಿಡಿದಳು. ಚಕ್ರ ಹಂಪ್ ಹತ್ತಿ ಇಳಿಯಿತು. ದಡ್ ಎಂದು ಕೆಳಗಿನಿಂದ ಬಂದ ಪೆಟ್ಟು ಬೆಣ್ಣೆಯ ಬೆನ್ನುಮೂಳೆಯ ಉದ್ದಕ್ಕೂ ಹತ್ತಿ ಹಲ್ಲಿಗೆ ತಾಗಿತು. ಅವನ ನಾಲಿಗೆ ಕಚ್ಚಿಕೊಂಡಿತು. ಕಾರು ಅಲ್ಲಿಗೆ ನಿಲ್ಲದೆ ಇನ್ನೂ ಎರಡು ಸಲ ಕುಪ್ಪಳಿಸಿತು.

ಶಾಲೆಯ ಮುಂದೆ ಎರಡು ಹಂಪ್. ಅಂಚೆ ಕಚೇರಿಯ ತಿರುವಿನಲ್ಲಿ ಕಿತ್ತುಹೋದ ಡಾಂಬರು. ಪ್ರತಿಯೊಂದೂ ಬರುವ ಮೊದಲೇ ಅಜ್ಜಿಗೆ ಗೊತ್ತು. ಅವಳ ತುಟಿ ಅಲ್ಲಾಡುತ್ತಿತ್ತು. ಕಿವಿಗೊಟ್ಟು ಕೇಳಿದ: ಎಣಿಸುತ್ತಿದ್ದಳು. "ಐದು... ಆರು..."

"ನಿಲ್ಸು," ಎಂದ ಬೆಣ್ಣೆ. ತಿಂಗಳಾದ ಮೇಲೆ ಮಗಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ಮಗಳು ಕಾರನ್ನು ಪಕ್ಕಕ್ಕೆ ಹಾಕಿದಳು. ಅವನು ತಾಯಿಯ ಕೈಯನ್ನು ಪಟ್ಟಿಯಿಂದ ಬಿಡಿಸಿದ. ಅಂಗೈಯಲ್ಲಿ ಕೆಂಪು ಗೆರೆ ಎದ್ದಿತ್ತು.

"ಎಷ್ಟಿವೆ ಒಟ್ಟು?"

"ಹನ್ನೊಂದು. ಬರುವಾಗ ಹನ್ನೊಂದು."

"ಯಾಕಮ್ಮಾ ಹೇಳ್ಲಿಲ್ಲ? ಒಂದು ಮಾತು ಹೇಳಬಾರದಿತ್ತಾ? ಹಾಯಾಗಿತ್ತು, ಹಾಯಾಗಿತ್ತು ಅಂತ..."

ಅಜ್ಜಿ ಕಿಟಕಿಯ ಹೊರಗೆ ನೋಡಿದಳು. "ಹೇಳಿದ್ರೆ ಏನ್ ಮಾಡ್ತಿದ್ರಿ? ಮತ್ತೆ ಮೊದಲಿನ ಹಾಗೆ ಎತ್ತರ ಮಾಡಿಸ್ತಿದ್ರಿ. ಮತ್ತೆ ನೀನು ಬಂದು ಕಂಕುಳಿಗೆ ಕೈ ಹಾಕ್ತಿದ್ದೆ." ಅಂಗೈಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು. "ನೋವಾದ್ರೆ ಹಲ್ಲು ಕಚ್ಕೊಂಡು ತಡೀಬಹುದು ಕಣೋ. ಬೀದಿ ಮುಂದೆ ಎತ್ತಿಸ್ಕೊಳ್ಳೋದು ನನ್ನ ಕೈಲಿ ತಡಿಯಕ್ಕಾಗಲ್ಲ."

ತನ್ನ ತಾಯಿಗೆ ಉಳಿಸಿದ್ದು ಇವೆರಡೇ ದಾರಿಯೇ ಎಂದು ಬೆಣ್ಣೆಗೆ ನಾಚಿಕೆಯಾಯಿತು, ತನ್ನ ಮೇಲೇ ಕೋಪ ಬಂತು. ಮುಂದಿನ ಸೀಟಿನತ್ತ ಬಾಗಿ, "ನೀನು ಹೇಳಿದ್ದೇ ಸರಿ ಮಗಾ," ಎಂದ. "ಆ ಭಾಗಗಳಿಗೆ ಮತ್ತೆ ಆರ್ಡರ್ ಹಾಕು. ಮೂರು ವಾರ ಆದ್ರೆ ಆಗ್ಲಿ. ಅಲ್ಲೀತನಕ ಫಿಸಿಯೋ ಮೇಡಂನ ಮನೆಗೇ ಕರ್ಕೊಂಡು ಬರ್ತೀನಿ."

"ಆರ್ಡರ್ ರದ್ದು ಮಾಡಿದ್ದು ಯಾರು?" ಎಂದಳು ಮಗಳು. "ಬಂದು ಹತ್ತು ದಿನ ಆಯ್ತು. ಕೌಂಟರ್ ಕೆಳಗೇ ಇದೆ."

"ಮತ್ತೆ ಹೇಳ್ಬಾರದಿತ್ತೇನೇ?"

"ಅಮ್ಮನ ಕೈಲಿ ಹೇಳಿಕಳಿಸಬೇಕಿತ್ತಾ?"

"ಒಳ್ಳೇ ಸಂಸಾರ," ಎಂದಳು ಅಜ್ಜಿ.

ಭಾನುವಾರವಿಡೀ ಮನೆಯ ಮುಂದೆ ಕೆಲಸ ನಡೆಯಿತು. ಪಾನಾನೇ ಬಂದ, ತಲೆ ತಗ್ಗಿಸಿಕೊಂಡು. ಕತ್ತರಿಸಿದ ಸ್ಪ್ರಿಂಗುಗಳನ್ನು ಬಿಚ್ಚಿದಾಗ ಒಳಗಿನ ರಬ್ಬರು ತುಂಡಾಗಿ ಉದುರಿತು. ಮಗಳು ಹೊಸ ಸ್ಪ್ರಿಂಗನ್ನು ಎತ್ತಿ ತೋರಿಸಿದಳು: ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿದ್ದವು, ಇನ್ನೊಂದು ತುದಿಯಲ್ಲಿ ಬಿಡಿಬಿಡಿಯಾಗಿ. "ಒತ್ತಾಗಿರೋದು ಸಣ್ಣ ಕುಲುಕಿಗೆ ಬಗ್ಗುತ್ತೆ, ಬಿಡಿಯಾಗಿರೋದು ದೊಡ್ಡದಕ್ಕೆ," ಎಂದಳು. ಪಾನಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಬಸ್ಸಿಗೆ ಇಂಥದ್ದಿರಲಿಲ್ಲ," ಎಂದಷ್ಟೇ ಹೇಳಿ ಕೆಲಸಕ್ಕೆ ಬಿದ್ದ. ಹೆಂಡತಿ ಸೀಟನ್ನು ಹೊರಗೆ ತಂದು ಜಗಲಿಯ ಮೇಲೆ ಬಿಚ್ಚಿ ಹರಡಿದಳು. ಸಂಜೆ ಎಲ್ಲ ಸೇರಿಸಿದ ಮೇಲೆ ಟೇಪು ಹಿಡಿದಳು. ಇಪ್ಪತ್ತೆರಡು, ಕೂದಲೆಳೆಯಷ್ಟು ಹೆಚ್ಚು.

"ಆ ಕೂದಲೆಳೆ ನನ್ನ ಭಾರಕ್ಕೆ ತಗ್ಗುತ್ತೆ, ಬಿಡು," ಎಂದಳು ಅಜ್ಜಿ.

ಸೋಮವಾರ ಮಗಳು ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಕಾರು ತೆಗೆದಳು. ಬೆಣ್ಣೆ ಮತ್ತೆ ಹಿಂದೆ ಕೂತ. ಅಜ್ಜಿ ತಾನೇ ಬೆನ್ನು ಹಾಕಿ ಕೂತಳು, ಕಾಲು ತಿರುಗಿಸಿಕೊಂಡಳು. ಬೇಕರಿಯ ಹಂಪ್ ಬಂತು. ಅವಳ ಕೈ ಅಭ್ಯಾಸಬಲದಿಂದ ಮೇಲಕ್ಕೆ ಹೋಯಿತು. ಕಾರು ಹತ್ತಿತು, ಇಳಿಯಿತು, ಸುಮ್ಮನಾಯಿತು. ಅಜ್ಜಿ ಏನೂ ಹೇಳಲಿಲ್ಲ.

ಬೆಣ್ಣೆ ಓರೆಗಣ್ಣಿನಲ್ಲಿ ಅವಳ ಮುಖ ನೋಡಿದ. ತನ್ನ ಬೆನ್ನಿಗೇನೋ ಹಿತವಾಗಿತ್ತು. ಆದರೆ ತನ್ನ ಬೆನ್ನು ಆಕೆಯ ಬೆನ್ನಲ್ಲವಲ್ಲ. ಆಕೆಯ ಈ ಮೌನ ಹಾಯಾಗಿದ್ದಕ್ಕೋ, ಹಲ್ಲು ಕಚ್ಚಿದ್ದಕ್ಕೋ? ತಿಂಗಳಿಡೀ ಮೋಸ ಹೋದವನಿಗೆ ಅದನ್ನು ತಿಳಿಯುವ ಬಗೆ ಗೊತ್ತಿರಲಿಲ್ಲ. ಕೇಳಿದರೆ ಮತ್ತದೇ ಮಾತು ಬಂದೀತು ಎಂದು ಹೆದರಿ ಕೇಳಲೂ ಇಲ್ಲ.

ಶಾಲೆಯ ಮುಂದಿನ ಎರಡನೇ ಹಂಪ್ ದಾಟಿದ ಮೇಲೆ ಅಜ್ಜಿ, "ಇದು ಕುಕ್ತು," ಎಂದಳು.

ಬೆಣ್ಣೆ ಅವಳತ್ತ ತಿರುಗಿದ. "ಏನಂದೆ?"

"ಕುಕ್ತು ಅಂದೆ. ಕಿವಿ ಕೇಳಲ್ವಾ? ಎಡಗಡೆ. ಇಲ್ಲಿ." ಸೊಂಟದ ಕೆಳಗೆ ಮುಟ್ಟಿ ತೋರಿಸಿದಳು.

ಮಗಳು ಆಗಲೇ ಕಾರು ನಿಲ್ಲಿಸಿದ್ದಳು. ಇಳಿದು, ಎಡ ಚಕ್ರದ ಹಿಂದೆ ಕೈ ತೂರಿಸಿ ಶಾಕ್‌ನ ತಿರುಪನ್ನು ಎರಡು ಸಲ ಕಟಕಟ ಎನ್ನಿಸಿ, ಬಲಕ್ಕೂ ಹಾಗೇ ಮಾಡಿ ಬಂದಳು. ಅದೇ ಹಂಪಿನ ಮೇಲೆ ವಾಪಸು ಬಂದರು.

"ಈಗ, ಅಜ್ಜಿ?"

"ಈಗ ತೊಟ್ಟಿಲಾಯ್ತು. ಹೊಟ್ಟೆ ತೊಳಸುತ್ತೆ."

ಒಂದು ತಿರುಪು ಹಿಂದಕ್ಕೆ. ಮತ್ತೆ ಹಂಪ್.

"ಇದು ಪರವಾಗಿಲ್ಲ. ಆದ್ರೆ ಈ ಸೀಟಿನ ಅಂಚು ತೊಡೆಗೆ ಒತ್ತುತ್ತೆ, ನಿಮ್ಮಮ್ಮನಿಗೆ ಹೇಳು. ಈ ಕಿಟಕಿ ಪೂರ್ತಿ ಇಳಿಯಲ್ಲ. ಮತ್ತೆ ನೀನು ತಿರುವಿನಲ್ಲಿ ಜೋರಾಗಿ ಹೋಗ್ತೀಯ. ಇವನೂ ಅಷ್ಟೇ. ಇವನು ಬ್ರೇಕ್ ಹಾಕಿದ್ರೆ ನನ್ನ ಕತ್ತು ಮುಂದಕ್ಕೆ ಹೋಗುತ್ತೆ. ಎಷ್ಟು ವರ್ಷದಿಂದ ಹೇಳ್ಬೇಕು ಅಂತಿದ್ದೆ."

"ನನ್ನ ಬ್ರೇಕಾ?" ಎಂದ ಬೆಣ್ಣೆ. ಜೀವಮಾನದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಮನಸ್ಸಿಗೆ ಚುರುಕ್ಕೆನ್ನಬೇಕಿತ್ತು. ಅದರ ಬದಲು ಗುರುವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಯಿತು, ನಗು ಬಂತು, ಕಣ್ಣೂ ಒದ್ದೆಯಾಯಿತು.

ಕ್ಲಿನಿಕ್ಕಿನ ಮುಂದೆ ಕಾರು ನಿಂತಿತು. ಅಜ್ಜಿ ಕಾಲುಗಳನ್ನು ಹೊರಗೆ ತಿರುಗಿಸಿ, ನೆಲಕ್ಕೆ ಊರಿ, ಎದ್ದು ನಿಂತಳು. ನಾಲ್ಕು ಹೆಜ್ಜೆ ಹೋದವಳು ಏನೋ ನೆನಪಾದಂತೆ ತಿರುಗಿ ನೋಡಿದಳು.

"ಇನ್ನೂ ಇದೆ. ಬರುವಾಗ ಹೇಳ್ತೀನಿ."

"ಹೇಳಮ್ಮಾ," ಎಂದ ಬೆಣ್ಣೆ. "ಒಂದೂ ಬಿಡಬೇಡ."